ವರ್ಗಾವಣೆಗೆ ಮುನ್ನ ಕಲಿತದ್ದು

ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದು ಹಲವು ವರ್ಷಗಳಾದ ಮೇಲೆ, ಮನೆಯ ಸಮೀಪದ, ಎರಡು ವರ್ಷದ ಪದವಿ ನೀಡುವ ಕಮ್ಯುನಿಟಿ ಕಾಲೇಜಿನಲ್ಲಿ ಶಿಶು ಶಿಕ್ಷಣ ಓದಲು ಸೇರಿದೆ. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿನ ಪಾಠಕ್ಕೆ, 46 ಡಾಲರ್ ಶುಲ್ಕ. ವಿಶ್ವವಿದ್ಯಾಲಯಕ್ಕೆ ಹೋಗಿ ಓದು ಮುಂದುವರಿಸಲೆಂದೇ ಇರುವ 60 ಯೂನಿಟ್‌ಗಳ ವರ್ಗಾವಣೆ ಪದವಿಯನ್ನು ಅಗತ್ಯ ಅಂಕಗಳೊಡನೆ ಮುಗಿಸಿದವರಿಗೆ, 2010ರ ಕಾಯ್ದೆಯ ಪ್ರಕಾರ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೂರನೆಯ ವರ್ಷಕ್ಕೆ ಪ್ರವೇಶ ಸಿಗುತ್ತದೆ; ಆದರೆ ಬಯಸಿದ ಕ್ಯಾಂಪಸ್ಸೇ ಸಿಗುತ್ತದೆಂಬ ಖಾತರಿಯಿಲ್ಲ.

ನನ್ನನ್ನು ನಿಜವಾಗಿ ಬದಲಿಸಿದ್ದು ಮಕ್ಕಳನ್ನು ಗಮನಿಸಿ ಟಿಪ್ಪಣಿ ಬರೆಯುವ ವೀಕ್ಷಣೆಯ ತರಗತಿ. ಕಾಲೇಜಿನ ಶಿಶುವಿಹಾರದಲ್ಲಿ ನೀರಿನ ತೊಟ್ಟಿಯ ಬಳಿ ನಿಂತಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ಅಗಲವಾದ ಬಟ್ಟಲಿನ ನೀರನ್ನು ಉದ್ದನೆಯ ಲೋಟಕ್ಕೆ ಸುರಿದು, ನೀರು ಹೆಚ್ಚಾಯಿತೆಂದು ಗೆಳತಿಗೆ ತೋರಿಸಿದಳು. ನೀರು ಅಷ್ಟೇ ಇದ್ದರೂ ಮಟ್ಟ ಎತ್ತರವಾದರೆ ಹೆಚ್ಚಾಯಿತೆಂದು ಭಾವಿಸುವ, ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ ವಿವರಿಸಿದ್ದ ಮಕ್ಕಳ ಯೋಚನಾಕ್ರಮ ಅದೇ ಎಂದು ನಾನು ಹಿಗ್ಗಿ, 'ಬಹಳ ಖುಷಿಯಿಂದ ಆಡಿದಳು' ಎಂದು ಬರೆದೆ. ಅಧ್ಯಾಪಕಿಯವರು 'ಖುಷಿ' ಎಂಬ ಪದದ ಕೆಳಗೆ ಗೆರೆ ಎಳೆದು, ನೀವು ಕಣ್ಣಾರೆ ಕಂಡದ್ದೇನು ಎಂದು ಕೇಳಿದರು. ಮಗು ನಕ್ಕಿತೇ, ಕುಣಿಯಿತೇ, ಮತ್ತೆ ಸುರಿಯಿತೇ? ನನ್ನಲ್ಲಿ ಉತ್ತರವಿರಲಿಲ್ಲ.

ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸುವ ಈ ಶಿಸ್ತೇ ಶಿಶು ಶಿಕ್ಷಕರ ಮೊದಲ ವಿದ್ಯೆ ಎಂಬುದು ನನ್ನ ದೃಢವಾದ ನಂಬಿಕೆ. ಈ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯಕ್ಕೆ ಹೊರಡುವಾಗ, ಆ ಗೆರೆಯಿರುವ ಹಾಳೆಯನ್ನೂ ಕಡತದಲ್ಲಿ ಇಟ್ಟುಕೊಂಡಿದ್ದೇನೆ.