ಜಾನಪದ ಲೋಕದ ಅಡುಗೆಮನೆ

ಮೈಸೂರಿಗೆ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲೇ ನುಗ್ಗಿಬಿಟ್ಟರೆ ರಾಮನಗರವೂ ಕಾಣದು, ಅದರ ಬಳಿಯ ಜನಪದ ವಸ್ತುಸಂಗ್ರಹಾಲಯ ಜಾನಪದ ಲೋಕವೂ ಸಿಗದು. ಹಳೇ ರಸ್ತೆ ಹಿಡಿಯಬೇಕು. ಹಿಡಿದೆವು, ಬಿಡದಿಯಲ್ಲಿ ತಟ್ಟೆ ಇಡ್ಲಿಯೂ ಆಯಿತು. ಬಸ್ಸಿನ ತುಂಬ ಪದವಿ ತರಗತಿಯ ಮಕ್ಕಳು. ಮನೆಗೂ ಜನಪದ ಕಲೆಗೂ ಏನು ನಂಟು ಎಂದು ನೋಡಿ ಬರೆಯುವುದು ಅವರ ಕೆಲಸ.

ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಆ ಪರಿಷತ್ತಿನ, ಸುಮಾರು 15 ಎಕರೆಯ ಈ ಜಾನಪದ ಲೋಕ ಶುರುವಾದದ್ದು 1994ರಲ್ಲಿ. ಒಳಹೊಕ್ಕವರನ್ನು ಲೋಕಮಹಲಿನ ಗೊಂಬೆ, ವೇಷ, ಮುಖವಾಡಗಳು ಕೂಡಲೇ ಸೆಳೆದುಬಿಡುತ್ತವೆ. ಆ ಬಣ್ಣ ಕಂಡ ಕಣ್ಣಿಗೆ ಆಮೇಲೆ ಮೊರ, ಒನಕೆ ರುಚಿಸುವುದು ಕಷ್ಟ. ಅದಕ್ಕೇ ಮಕ್ಕಳನ್ನು ಮೊದಲು ಲೋಕಮಾತಾ ಮಂದಿರಕ್ಕೆ ನಡೆಸಿದೆ. ಅಲ್ಲಿರುವುದೆಲ್ಲ ಮನೆಬಳಕೆಯ ಸಾಮಾನು.

ಹುಡುಗರು ಮೊಬೈಲು ಹಿಡಿದು ಸರಸರನೆ ಮುಂದೆ ಹೋದರು. ಮೊರದ ಮುಂದೆ ಎಲ್ಲರನ್ನೂ ತಡೆದು ನಿಲ್ಲಿಸಿದೆ. ಮೂರು ಕಡೆ ಅಂಚು, ಒಂದು ಕಡೆ ಬಾಯಿ. ಕೇರುವಾಗ ಕಾಳು ಹಿಂದೆ ಉಳಿದು ಹೊಟ್ಟು ಮುಂದೆ ಹಾರಬೇಕಲ್ಲ, ಅದಕ್ಕೆ ಈ ಆಕಾರ. ಹೆಣಿಗೆಯ ಸಂದಿಯಲ್ಲಿ ಹಿಟ್ಟು ಸೋರದಿರಲೆಂದು ಹಳ್ಳಿಗಳಲ್ಲಿ ಸಗಣಿಯನ್ನೋ ಮೆಂತ್ಯ ಅರೆದ ಮುದ್ದೆಯನ್ನೋ ಬಳಿಯುತ್ತಿದ್ದರು. ನೆಲುವಿನ ವಿಷಯಕ್ಕೆ ನಗು ಬಂತು: ಹಾಲು ಮೊಸರಿನ ಗಡಿಗೆಯನ್ನು ಬೆಕ್ಕಿನ ಕೈಗೆ ಎಟುಕದಂತೆ ತೊಲೆಗೆ ತೂಗುಹಾಕುವ ಹಗ್ಗದ ಜಾಲರಿ. ಬಾಲಕೃಷ್ಣನಿಗೆ ಮಾತ್ರ ಎಟುಕುತ್ತಿತ್ತು ಎಂದಳೊಬ್ಬಳು.

ಸೇರು, ಪಾವು, ಚಟಾಕಿನ ಹತ್ತಿರ ಲೆಕ್ಕಾಚಾರ ಜೋರಾಯಿತು. ನಾಲ್ಕು ಪಾವಿಗೆ ಒಂದು ಸೇರು, ಹದಿನಾರು ಚಟಾಕಿಗೂ ಒಂದು ಸೇರು. ಹಾಗಾದರೆ ಪಾವಿಗೆಷ್ಟು ಚಟಾಕು? ಮನೆಯಲ್ಲಿ ಇಂದಿಗೂ ಅಕ್ಕಿಯನ್ನು ಪಾವಿನಲ್ಲೇ ಅಳೆಯುವವರು ಥಟ್ಟನೆ ಹೇಳಿದರು.

“ಮೇಡಂ, ಇದನ್ನೆಲ್ಲ ಮನೇಲೇ ಮಾಡ್ಕೊತಿದ್ರಾ?”

ಇಲ್ಲವಲ್ಲ! ಅಲ್ಲಿಂದ ನೇರ ಊರ ಕಸುಬುದಾರರ ವಸ್ತುಗಳಿರುವ ಆಯಗಾರರ ಮಾಳಕ್ಕೆ ಹೋದೆವು. ಗಡಿಗೆ ಕುಂಬಾರನದು, ಕುಡುಗೋಲು ಕಮ್ಮಾರನದು, ನೇಗಿಲು ಬಡಗಿಯದು. ಇವರಿಗೆ ಕೆಲಸಕ್ಕಿಷ್ಟು ಎಂದು ದುಡ್ಡಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ರೈತ ಕಾಳಿನ ರೂಪದಲ್ಲಿ ಆಯ ಕೊಡುತ್ತಿದ್ದ. ಮೊರ ಹೆಣೆಯುವ ಮೇದರದು ಬೇರೆ ಲೆಕ್ಕ, ಸಂತೆಯ ವ್ಯಾಪಾರ. ನನ್ನನ್ನು ಕೇಳಿದರೆ ಈ ಮಾಳ ನೋಡದೆ ಆ ಅಡುಗೆಮನೆ ಪೂರ್ತಿ ಅರ್ಥವಾಗದು. ಹಾಗೆಂದು ಆಯದ ಪದ್ಧತಿಯನ್ನು ಹೊಗಳಲಾರೆ. ಯಾರ ಕೈಗೆ ಎಷ್ಟು ಕಾಳು ಎಂಬುದರಲ್ಲಿ ಜಾತಿಯೂ ಇತ್ತು, ಕೊಡುವವನ ಮರ್ಜಿಯೂ ಇತ್ತು.

ಲೋಕಮಹಲನ್ನು ಕೊನೆಗೆ ನೋಡಿದೆವು. ಸೋಮನ ಕುಣಿತದ ಮುಖವಾಡದ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಲೇ ಒಬ್ಬಳು ಮಾಳದ ಮಾತನ್ನು ಮತ್ತೆ ಎತ್ತಿದಳು. “ಕುಂಬಾರಂಗೆ ಆಯ ಸಿಕ್ತು, ಕಮ್ಮಾರಂಗೂ ಸಿಕ್ತು. ಕೋಳಿ ಕೂಗೋ ಹೊತ್ತಿಗೆ ಎದ್ದು ರಾಗಿ ಬೀಸ್ತಿದ್ದೋಳಿಗೆ?”

“ಅವಳು ಮನೆಯವಳಲ್ವಾ, ಅವಳಿಗ್ಯಾಕೆ?” ಎಂದ ಹುಡುಗನನ್ನು ಚನ್ನಪಟ್ಟಣ ಮುಟ್ಟುವವರೆಗೂ ಹುಡುಗಿಯರು ಬಿಡಲಿಲ್ಲ.