ಬೋರ್ಡಿನ ಅಕ್ಷರದಿಂದ ಫಾಂಟ್: ನಾಲ್ಕನೆಯ ತಿಂಗಳು

ಮೂಲಾಕ್ಷರಗಳು ಮುಗಿದವು. ಬೀಗುವಂತಿಲ್ಲ, ಕನ್ನಡದಲ್ಲಿ ಫಾಂಟ್ ಮಾಡುವವರಿಗೆ ನಿಜವಾದ ಕೆಲಸ ಶುರುವಾಗುವುದೇ ಆಮೇಲೆ. 34 ವ್ಯಂಜನ, ಪ್ರತಿಯೊಂದರ ಗುಡಿಸು, ಅರ್ಧಾಕ್ಷರ, ಒತ್ತು ಎಂದರೆ ಇಷ್ಟಕ್ಕೇ 136 ಚಿತ್ರ. ಸ್ವರ, ಅಂಕಿ, ಕೊಂಬು, ದೀರ್ಘ ಬೇರೆ.

ಹೊಟ್ಟೆಪಾಡಿಗೆ ಫ್ಲೆಕ್ಸ್ ವಿನ್ಯಾಸ ಮಾಡುವವನು ನಾನು. ಬ್ರಷ್ ಹಿಡಿದವರ ಅನ್ನ ಕಸಿದದ್ದು ಇದೇ ಫ್ಲೆಕ್ಸ್. ಈಗ ಗಿರಾಕಿಗಳು ಮೊಬೈಲ್‌ನಲ್ಲಿ ತಾವೇ ವಿನ್ಯಾಸ ಮಾಡಿಕೊಂಡು ಬರುತ್ತಾರೆ, ನನ್ನ ಕುರ್ಚಿಯೂ ಅಲುಗಾಡುತ್ತಿದೆ. 2024ರ ತಿದ್ದುಪಡಿಯಿಂದ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವಾಯಿತು. ನಮ್ಮ ಬೀದಿಯಲ್ಲಿ ಬೋರ್ಡುಗಳು ಬದಲಾದವು, ಆದರೆ ಎಲ್ಲೆಡೆ ಅದೇ ಎರಡು ಮೂರು ಫಾಂಟ್. ಆ ಸಿಟ್ಟಿನಲ್ಲಿ ಹುಟ್ಟಿದ್ದು ಈ ಕೆಲಸ.

ಈ ತಿಂಗಳನ್ನು ನುಂಗಿದ್ದು ‘ರಾಷ್ಟ್ರ’. ಷ ಅಕ್ಷರಕ್ಕೆ ಟ ಒತ್ತು, ಅದರ ಜೊತೆಗೆ ರ ಒತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮುಂದಿನ ಅಕ್ಷರದ ಒತ್ತಿಗೆ ಗುದ್ದುತ್ತವೆ. ಒಂದರ ಕೆಳಗೊಂದು ಇಟ್ಟರೆ ಸಾಲುಗಳ ನಡುವೆ ಹಳ್ಳ ಬೀಳುತ್ತದೆ. ಸಾಲದ್ದಕ್ಕೆ ವಿಂಡೋಸ್‌ನಲ್ಲಿ ತೆರೆದಾಗ ಒತ್ತಿನ ಬಾಲವೇ ಕತ್ತರಿಸಿಹೋಗಿತ್ತು. ತಪ್ಪು ನನ್ನದೇ: ಅಕ್ಷರದ ಕೆಳಗಿನ ಆಳದ ಅಳತೆಯನ್ನು ಇಂಗ್ಲಿಷ್ ಫಾಂಟಿನದೇ ಉಳಿಸಿಕೊಂಡಿದ್ದೆ.

ಮುದ್ರಿತ ಪ್ರತಿ ಹಿಡಿದು ನಮ್ಮೂರಿನ ಹಳೆಯ ಪೇಂಟರ್ ಬಳಿಗೆ ಹೋದೆ. ಈ ಫಾಂಟಿಗೆ ಮೂಲ ಅವರು ಬರೆದ ಬೋರ್ಡುಗಳೇ. ಕನ್ನಡಕ ಏರಿಸಿ ನೋಡಿ, “ತಮ್ಮಾ, ಇವು ಸಾಲಿನಲ್ಲಿ ನಿಂತ ಪೊಲೀಸರ ಹಾಗಿವೆ” ಎಂದರು. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಗೋಡೆಗೆ ಬಿಗಿಹಿಡಿದು ಮಿಡಿದರು. ಎರಡು ಗೆರೆ ಬಿದ್ದವು. ನಡುವೆ ‘ರಾಷ್ಟ್ರ’ ಬರೆದರು. ಟ ಒತ್ತನ್ನು ಚಿಕ್ಕದು ಮಾಡಿ, ರ ಒತ್ತನ್ನು ಅದರ ಹೊಟ್ಟೆಗೆ ತಾಗಿಸಿ ಎಳೆದಿದ್ದರು. ಅವರು ಬರೆಯುವುದು ಪದವನ್ನು, ನಾನು ಬಿಡಿಬಿಡಿ ಅಕ್ಷರ ಮಾಡಿ ಜೋಡಿಸುತ್ತಿದ್ದೆ.

ಮನೆಗೆ ಬಂದು ಆ ಜೋಡಿಯನ್ನು ಒಂದೇ ಚಿತ್ರವಾಗಿ ಬಿಡಿಸಿದೆ. ಟ ಒತ್ತಿನ ಬೆನ್ನಿಗೆ ರ ಒತ್ತು ಬಂದರೆ ಈ ಚಿತ್ರವನ್ನೇ ಹಾಕು ಎಂಬ ನಿಯಮ ಬರೆದೆ. ‘ಸ್ತ್ರೀ’, ‘ಶಾಸ್ತ್ರಿ’ ಪದಗಳಿಗೂ ಇದೇ ಉಪಾಯ ನಡೆಯಿತು.

ಫಾಂಟನ್ನು ಮುಕ್ತ ಪರವಾನಗಿಯಲ್ಲಿ ಬಿಡಲು ಅವರು ಒಪ್ಪಿದ್ದಾರೆ. ಹೆಸರು ಹೇಗೆ ಹಾಕಲಿ ಎಂದರೆ, “ಬೋರ್ಡಿನ ಮೂಲೆಯಲ್ಲಿ ಹಾಕುತ್ತಿದ್ದಷ್ಟು” ಎಂದರು.

ಉಳಿದಿರುವುದು ಅರ್ಕಾವೊತ್ತು. ಶನಿವಾರ ಬರುವಾಗ ಒಂದು ತಗಡು ತಾ ಎಂದಿದ್ದಾರೆ, ‘ಸೂರ್ಯ’ ಬರೆದು ತೋರಿಸುತ್ತಾರಂತೆ.