ಗೋಡೆ ಬಿದ್ದ ಮೇಲೆ

ಇತ್ತೀಚೆಗೆ ಜರ್ಮನ್ ಲೇಖಕಿ ಜೆನ್ನಿ ಎರ್ಪೆನ್‌ಬೆಕ್ ಅವರನ್ನು ಬಿಡದೆ ಓದುತ್ತಿದ್ದೇನೆ. ಹುಟ್ಟಿದ್ದು 1967ರಲ್ಲಿ, ಪೂರ್ವ ಬರ್ಲಿನ್‌ನಲ್ಲಿ. ಅಜ್ಜ, ಅಜ್ಜಿ ಇಬ್ಬರೂ ಲೇಖಕರು. ಅಮ್ಮ ಅರಬ್ಬಿಯಿಂದ ಜರ್ಮನ್‌ಗೆ ಅನುವಾದ ಮಾಡುತ್ತಿದ್ದವರು. ಇಂಥ ಮನೆಯ ಹುಡುಗಿ ಮೊದಲು ಕಲಿತದ್ದು ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಕೆಲಸ! ಆಮೇಲೆ ನಾಟಕ, ಆಪೆರಾ ನಿರ್ದೇಶನ. ಮೊದಲ ಪುಸ್ತಕ ಬಂದದ್ದು 1999ರಲ್ಲಿ.

ಅವರಿಗೆ 22 ವರ್ಷ ಇದ್ದಾಗ, ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆ ಬಿತ್ತು. ಮರುವರ್ಷ ಅವರ ದೇಶ ಪೂರ್ವ ಜರ್ಮನಿಯೇ ಇರಲಿಲ್ಲ, ಪಶ್ಚಿಮ ಜರ್ಮನಿಯ ಜೊತೆ ಸೇರಿಹೋಗಿತ್ತು. ಗೋಡೆ ಮೇಲೆ ಹತ್ತಿ ಕುಣಿದ ಜನರ ಫೋಟೋ ನಾವೆಲ್ಲ ನೋಡಿದ್ದೇವೆ, ಅಲ್ವಾ? ಆದರೆ ಬೆಳೆದ ಊರಿನ ಅಂಗಡಿ, ಶಾಲೆ, ರೂಢಿ ಎಲ್ಲ ಒಮ್ಮೆಗೇ ಹಳೇ ಕಾಲದ್ದಾಗಿಬಿಟ್ಟರೆ ಒಳಗೆ ಏನಾಗುತ್ತದೆ ಅನ್ನೋದನ್ನು ನನಗೆ ತೋರಿಸಿದ್ದು ಇವರು.

‘ಕೈರೋಸ್’ ಕಾದಂಬರಿಯಲ್ಲಿ 1986ರ ಪೂರ್ವ ಬರ್ಲಿನ್. 19ರ ಕತರೀನಾಗೆ ಐವತ್ತು ದಾಟಿದ, ಮದುವೆಯಾದ ಹಾನ್ಸ್ ಮೇಲೆ ಪ್ರೀತಿ. ಬರಬರುತ್ತಾ ಅದು ಹಿಂಸೆಯಾಗುತ್ತದೆ. ಅವಳ ಮೇಲಿನ ಆರೋಪಗಳನ್ನೆಲ್ಲ ಅವನು ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಾನೆ. ಅವಳು ಕೂತು ಕೇಳಬೇಕು, ಉತ್ತರ ಬರೆಯಬೇಕು. ಆ ಪುಟಗಳಲ್ಲಿ ನನಗೆ ಉಸಿರು ಕಟ್ಟಿದಂತಾಯಿತು. ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಇದಕ್ಕೆ 2024ರ ಅಂತರರಾಷ್ಟ್ರೀಯ ಬೂಕರ್ ಬಂತು, ಇಂಗ್ಲಿಷಿಗೆ ತಂದ ಮೈಕೆಲ್ ಹಾಫ್‌ಮನ್ ಜೊತೆ. ಮರುವರ್ಷ ಅದೇ ಪ್ರಶಸ್ತಿ ನಮ್ಮ ಬಾನು ಮುಷ್ತಾಕ್, ದೀಪಾ ಭಾಸ್ತಿ ಅವರಿಗೆ. ಜರ್ಮನ್ ಬಲ್ಲ ಯಾರಾದರೂ ಎರ್ಪೆನ್‌ಬೆಕ್ ಅವರನ್ನು ನೇರವಾಗಿ ಕನ್ನಡಕ್ಕೆ ತಂದರೆ ಮೊದಲ ಪ್ರತಿ ಕೊಳ್ಳುವವಳು ನಾನೇ.